ಟೆರೇಸ್ ಬೀಗ ತೆಗೆಯಿರಿ, ಹಾಸಿಗೆಗೆ ಬಿಸಿಲು ಬೇಕು

ಸಂಪಾದಕರೇ,

ನಮ್ಮ ಮಗಳಿಗೆ ಏಳು ವರ್ಷ. ಕಳೆದ ಮಳೆಗಾಲದಿಂದ ಬೆಳಿಗ್ಗೆ ಎದ್ದ ಕೂಡಲೇ ಸೀನು, ಒಂದರ ಹಿಂದೊಂದು ಹತ್ತು ಹನ್ನೆರಡು, ಆಮೇಲೆ ಮೂಗು ಸೋರುವುದು, ಉಜ್ಜಿ ಉಜ್ಜಿ ಕಣ್ಣು ಕೆಂಪಾಗುವುದು. ಸ್ಕೂಲಿಗೆ ಹೊರಡುವ ಹೊತ್ತಿಗೆ ಎಲ್ಲಾ ಸರಿ. ಶೀತ ಅಂದುಕೊಂಡು ಬಾಳೆಹಣ್ಣು ನಿಲ್ಲಿಸಿದೆವು, ಮೆಣಸಿನ ಕಷಾಯ ಕುಡಿಸಿದೆವು. ಕೊನೆಗೆ ಡಾಕ್ಟರು ಮುಂಗೈ ಮೇಲೆ ಸಾಲಾಗಿ ಹನಿ ಹಾಕಿ, ಸಣ್ಣಗೆ ಚುಚ್ಚಿ ಅಲರ್ಜಿ ಟೆಸ್ಟ್ ಮಾಡಿದರು. ಧೂಳು ಹುಳದ ಹನಿ ಬಿದ್ದ ಜಾಗ ಕಾಲು ಗಂಟೆಯಲ್ಲಿ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು.

ಈ ಡಸ್ಟ್ ಮೈಟ್ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ಎಂಟು ಕಾಲು, ಜೇಡದ ಸಂಬಂಧಿ. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದುಕೊಂಡು ಹಾಸಿಗೆ, ದಿಂಬಿನೊಳಗೆ ಇರುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ರಾತ್ರಿಯೆಲ್ಲಾ ಅದರ ಮೇಲೇ ಮುಖ ಇಟ್ಟು ಮಲಗಿ, ಬೆಳಿಗ್ಗೆ ಹೊದಿಕೆ ಕೊಡವಿದರೆ ಸೀನು ಬರದೇ ಇರುತ್ತಾ? ಇದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ. ಆ ತೇವ ಶೇ 50ಕ್ಕಿಂತ ಕಡಿಮೆಯೇ ಇದ್ದರೆ ಒಣಗಿ ಸಾಯುತ್ತದೆ.

ನಮ್ಮತ್ತೆ ಇರುವುದು ಮಂಡ್ಯ ಕಡೆ ಹಳ್ಳಿಯಲ್ಲಿ, ಸುತ್ತ ನಾಲೆ ನೀರಿನ ಗದ್ದೆ, ತೇವಕ್ಕೇನೂ ಬರವಿಲ್ಲ. ಆದರೂ ಬಿಸಿಲು ಕಂಡ ದಿನ ಹತ್ತಿ ಹಾಸಿಗೆಯನ್ನು ಅಂಗಳಕ್ಕೆ ಹಾಕಿ, ಮಧ್ಯಾಹ್ನ ಮಗುಚಿ, ಸಂಜೆ ಮೂಗಿಗೆ ಸೆರಗು ಕಟ್ಟಿಕೊಂಡು ಕೋಲಿನಿಂದ ಬಡಿದು ಒಳಗೆ ತರುತ್ತಾರೆ. ಮಗಳು ಅಲ್ಲಿ ಮಲಗಿದರೆ ಸೀನು ತುಂಬಾ ಕಡಿಮೆ.

ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಟೆರೇಸಿಗೆ ಬೀಗ. ಟ್ಯಾಂಕ್ ಇದೆ, ಸೋಲಾರ್ ಇದೆ, ಹೋಗಬೇಡಿ ಅಂತಾರೆ. ಹೋದಲ್ಲೆಲ್ಲಾ ಇದೇ ಕತೆ ಅಂತ ಉಳಿದ ಬಾಡಿಗೆದಾರರೂ ಹೇಳುತ್ತಾರೆ. ರೂಮ್ ಫ್ರೆಶ್‌ನರ್ ಹೊಡೆದರೆ ವಾಸನೆ ಬರುತ್ತದೆ ಅಷ್ಟೇ, ಹುಳ ಸಾಯುವುದಿಲ್ಲ. ಬೆಡ್‌ಶೀಟ್, ದಿಂಬಿನ ಕವರನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯುತ್ತಿದ್ದೇವೆ, ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಆದರೆ ಅಷ್ಟು ದಪ್ಪ ಹಾಸಿಗೆಯನ್ನು ಒಗೆಯುವುದಕ್ಕಾಗುತ್ತಾ? ಅದಕ್ಕೆ ಬಿಸಿಲೇ ಆಗಬೇಕು.

ಮನೆ ಓನರ್‌ಗಳಲ್ಲಿ ಕೇಳಿಕೊಳ್ಳುವುದಿಷ್ಟೇ. ಭಾನುವಾರ ಒಂದು ದಿನ, ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬೀಗ ತೆಗೆಯಿರಿ. ಸೋಲಾರ್ ಮುಟ್ಟುವುದಿಲ್ಲ, ಹಾಸಿಗೆ ಹಾಸಿ ಪಕ್ಕದಲ್ಲೇ ಕಾಯುತ್ತೇವೆ. ಸದ್ಯಕ್ಕೆ ನಾವು ಎರಡು ವಾರಕ್ಕೊಮ್ಮೆ ಮಗಳ ಹಾಸಿಗೆ ಸುತ್ತಿ, ಸ್ಕೂಟರಿಗೆ ಕಟ್ಟಿಕೊಂಡು ಮಂಡ್ಯಕ್ಕೆ ಹೋಗಿ ಬರುತ್ತಿದ್ದೇವೆ.

– ಒಬ್ಬ ಬಾಡಿಗೆದಾರ, ಕುವೆಂಪುನಗರ, ಮೈಸೂರು