ಫಲಕದ ಅಂಕಿ ಬೇರೆ, ಕೈಸೇರಿದ ಹಣ ಬೇರೆ

ಮಾನ್ಯರೇ,

ನೆರೆ ಬಂದಾಗ ಸುದ್ದಿವಾಹಿನಿಗಳು ಪರಿಹಾರಕ್ಕೆಂದು ದೇಣಿಗೆ ಎತ್ತುವುದು ಈಗ ವಾಡಿಕೆ. ಪರದೆ ಮೇಲೆ ಏರುವ ಮೊತ್ತವನ್ನು ಎಷ್ಟು ನಂಬಬೇಕು ಎಂಬುದು, ಟಿವಿಯಲ್ಲಿ ಗಂಟೆಗಟ್ಟಲೆ ನೇರಪ್ರಸಾರ ಮಾಡಿ ದೇಣಿಗೆ ಎತ್ತುವ ಟೆಲಿಥಾನ್‌ಗಳಷ್ಟೇ ಹಳೆಯ ಪ್ರಶ್ನೆ.

1949ರ ಏಪ್ರಿಲ್‌ನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಹಾಸ್ಯನಟ ಮಿಲ್ಟನ್ ಬರ್ಲ್ ಕ್ಯಾನ್ಸರ್ ನಿಧಿಗಾಗಿ ನಡೆಸಿದ್ದನ್ನು ಮೊದಲ ಟೆಲಿಥಾನ್ ಎನ್ನುತ್ತಾರೆ; ಸುಮಾರು 11 ಲಕ್ಷ ಡಾಲರ್ ಎಂದು ಲೆಕ್ಕ ಕೊಟ್ಟರು. 1966ರಲ್ಲಿ ಇನ್ನೊಬ್ಬ ಹಾಸ್ಯನಟ ಜೆರ್ರಿ ಲೂಯಿಸ್ ಸ್ನಾಯುಕ್ಷಯ ರೋಗಿಗಳಿಗಾಗಿ ನ್ಯೂಯಾರ್ಕ್‌ನಿಂದ ನಡೆಸಿದ ಕಾರ್ಯಕ್ರಮ 10,02,114 ಡಾಲರ್ ಮುಟ್ಟಿತು. ಒಟ್ಟು ಮೊತ್ತ ತೋರಿಸುವ ಫಲಕದಲ್ಲಿದ್ದದ್ದು ಆರೇ ಅಂಕಿಗೆ ಜಾಗ. ಲೂಯಿಸ್ ಕುಂಚ ಹಿಡಿದು ಎಡತುದಿಯಲ್ಲಿ '1' ಬರೆದರು.

ಆ ಕಾಲದ ಕ್ರಮ ಹೀಗಿತ್ತು: ಕರೆ ಮಾಡಿದವರ ಹೆಸರು, ವಿಳಾಸ, ಮೊತ್ತವನ್ನು ಸ್ವಯಂಸೇವಕರು ಚೀಟಿಯಲ್ಲಿ ಬರೆದುಕೊಂಡ ಕೂಡಲೇ ಅದು ಒಟ್ಟು ಲೆಕ್ಕಕ್ಕೆ ಸೇರುತ್ತಿತ್ತು. ಹಣ ಬರುತ್ತಿದ್ದದ್ದು ಆಮೇಲೆ ಅಂಚೆಯಲ್ಲಿ, ಬಂದರೆ. ತಮಾಷೆಗೆ ಕರೆ ಮಾಡುವವರು, ತಪ್ಪು ವಿಳಾಸ, ಬೆಳಗಾಗುವುದರೊಳಗೆ ಮನಸ್ಸು ಬದಲಿಸುವವರು ಎಲ್ಲರೂ ಫಲಕದಲ್ಲಿ ಇದ್ದೇ ಇರುತ್ತಿದ್ದರು. ಮೊದಲೇ ಒಪ್ಪಿಕೊಂಡಿದ್ದ ಕಂಪನಿಯ ಚೆಕ್ಕನ್ನು ಕರೆಗಳು ಇಳಿದ ಹೊತ್ತಿಗೆ ವೇದಿಕೆಗೆ ತರಿಸುವುದೂ ಹಳೆಯ ಉಪಾಯವೇ.

ಫ್ರಾನ್ಸ್‌ನ ಟೆಲಿಥಾನ್ (1987ರಿಂದ) ಈ ವಿಷಯದಲ್ಲಿ ಮೇಲು. ಪ್ರಸಾರ ಮುಗಿದ ರಾತ್ರಿಯ ಮೊತ್ತವನ್ನು ವಾಗ್ದಾನವೆಂದೇ ಹೇಳಿ, ಕೆಲವು ತಿಂಗಳ ಮೇಲೆ ಕೈಸೇರಿದ ಮೊತ್ತವನ್ನು ಬೇರೆಯಾಗಿ ಪ್ರಕಟಿಸುತ್ತಾರೆ. ಊರೂರಿನ ಕಾರ್ಯಕ್ರಮಗಳ ಹಣ ತಡವಾಗಿ ಬಂದು ಸೇರುವುದರಿಂದ ಅಲ್ಲಿ ಎರಡನೆಯ ಅಂಕಿ ದೊಡ್ಡದಾಗುವುದೂ ಉಂಟು. ಆ ಹಣದಿಂದಲೇ 1990ರಲ್ಲಿ ಜೆನೆಥಾನ್ ಎಂಬ ವಂಶವಾಹಿ ಸಂಶೋಧನಾಲಯ ಹುಟ್ಟಿತು.

ಇನ್ನೊಂದು ತಕರಾರು ಹಣದ್ದಲ್ಲ. ಅಂಗವಿಕಲರನ್ನು ಅಯ್ಯೋ ಪಾಪ ಎನ್ನಿಸುವಂತೆ ತೋರಿಸಿ ಬೇಡುವುದನ್ನು ಅಂಗವಿಕಲರೇ ವಿರೋಧಿಸಿದರು. ಬ್ರಿಟನ್‌ನ ಐಟಿವಿ ವಾಹಿನಿಯ ಟೆಲಿಥಾನ್ ಎದುರು 1990 ಮತ್ತು 1992ರಲ್ಲಿ ಪ್ರತಿಭಟನೆ ನಡೆಯಿತು. ಆಮೇಲೆ ಅದು ಮತ್ತೆ ನಡೆಯಲಿಲ್ಲ.

ಇಂದು ಯುಪಿಐ ಇರುವುದರಿಂದ ವಾಗ್ದಾನದ ಗೊಂದಲ ಕಡಿಮೆ, ನಕಲಿ ಕ್ಯೂಆರ್ ಕೋಡ್‌ನ ಕಾಟ ಹೆಚ್ಚು. ಸ್ಕ್ಯಾನ್ ಮಾಡಿದಾಗ ಟ್ರಸ್ಟಿನ ಬದಲು ಯಾರದೋ ಸ್ವಂತ ಹೆಸರು ಬಂದರೆ ಪಿನ್ ಒತ್ತಬೇಡಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ. ವಾಹಿನಿಗಳಾದರೂ ಕಂಪನಿಗಳ ಹಣ, ವೀಕ್ಷಕರ ಹಣ, ಪ್ರಸಾರದ ಖರ್ಚು ಇವನ್ನು ಬೇರೆ ಬೇರೆ ತೋರಿಸಿ, ಮೂರು ತಿಂಗಳೊಳಗೆ ಲೆಕ್ಕಪರಿಶೋಧಕರ ಸಹಿಯೊಂದಿಗೆ ಪ್ರಕಟಿಸಲಿ.

– ಓದುಗರೊಬ್ಬರು, ಮೈಸೂರು