ಏನು ಓದಲಿ, ಏನು ಕೇಳಲಿ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗಣೇಶ,

ಕೊರಿಯನ್ ಕಲಿಯಲು ಏನು ಓದಲಿ, ಏನು ಕೇಳಲಿ ಅಂತ ನೀನು ಕೇಳಿದ ಮೆಸೇಜ್ ಬಂದು ವಾರ ಆಯ್ತು. ಎರಡು ಸಾಲಿನಲ್ಲಿ ಉತ್ತರ ಕೊಡುವ ವಿಷಯ ಅಲ್ಲ ಅಂತ ಎತ್ತಿಟ್ಟಿದ್ದೆ. ಇವತ್ತು ಭಾನುವಾರ. ಇಲ್ಲಿ ಕೊರಿಯಾದ ಡೇಜಾನ್‌ನಲ್ಲಿ ಬೆಳಗಿನಿಂದ ಮಳೆ. ಲ್ಯಾಬಿಗೆ ಹೋಗುವುದಿಲ್ಲ, ಕೂತು ಬರೆಯುತ್ತಿದ್ದೇನೆ.

ಮೊದಲನೇ ಪಠ್ಯಪುಸ್ತಕ ಮುಗಿಸಿದೆ ಅಂದೆ, ಖುಷಿ ಆಯ್ತು. ಆಮೇಲೆ ನೀನು ಬರೆದ ಮಾತು ನಾನೂ ಅನುಭವಿಸಿದ್ದೇ. ಪುಸ್ತಕದ ಪಾಠ ಎಲ್ಲ ಅರ್ಥ ಆಗುತ್ತದೆ, ಡ್ರಾಮಾ ಹಾಕಿದರೆ ಒಂದು ವಾಕ್ಯವೂ ಕೈಗೆ ಸಿಗುವುದಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ಜೊತೆಯವರು ಮೆಚ್ಚಿದ ಒಂದು ಕಾದಂಬರಿ ಕೊಂಡು ತಂದೆ. ಪುಟಕ್ಕೆ ಮೂವತ್ತು ಪದ ಹುಡುಕಬೇಕಾಗುತ್ತಿತ್ತು. ಒಂಬತ್ತನೇ ಪುಟಕ್ಕೆ ನಿಂತುಹೋಯಿತು. ಆಮೇಲೆ ಎರಡು ತಿಂಗಳು ಕೊರಿಯನ್ ಪುಸ್ತಕವನ್ನೇ ಮುಟ್ಟಲಿಲ್ಲ. ನಿನಗೆ ಆ ಎರಡು ತಿಂಗಳು ಹಾಳಾಗಬಾರದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಓದಿನ ಮೂಲಕ ಭಾಷೆ ಕಲಿಯುವ ಬಗ್ಗೆ ಸಂಶೋಧನೆ ಮಾಡಿದ ಪಾಲ್ ನೇಷನ್ ಒಂದು ಲೆಕ್ಕ ಕೊಡುತ್ತಾರೆ. ಯಾರ ಸಹಾಯವೂ ಇಲ್ಲದೆ ಹಾಯಾಗಿ ಓದಬೇಕಾದರೆ ನೂರಕ್ಕೆ 98 ಪದ ಮೊದಲೇ ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಒಂದೇ ಒಂದು ಹೊಸ ಪದ. ಇದನ್ನು ಓದಿದಾಗ ನನಗೆ ನೆಮ್ಮದಿ ಆಯ್ತು. ನನ್ನ ತಲೆ ಮಂದ ಇರಲಿಲ್ಲ, ಪುಸ್ತಕ ನನ್ನ ಅಳತೆಯದಾಗಿರಲಿಲ್ಲ. ನೀನು ಏನೇ ಓದಲು ತೆಗೆದುಕೊಂಡರೂ ಮೊದಲು ನಡುವಿನ ಒಂದು ಪುಟ ತೆಗೆದು ಗೊತ್ತಿಲ್ಲದ ಪದ ಎಣಿಸು. ಐವತ್ತಕ್ಕೆ ನಾಲ್ಕೈದು ಬಂದರೆ ಅದನ್ನು ಬಿಟ್ಟುಬಿಡು, ಆರು ತಿಂಗಳ ನಂತರ ತೆಗೆ. ತುಂಬಾ ಸುಲಭ ಅನ್ನಿಸಿದರೆ ಅದೇ ಸರಿಯಾದದ್ದು.

ಹಾಗಾದರೆ ಮಕ್ಕಳ ಪುಸ್ತಕ ಓದಲಾ ಅಂತ ಕೇಳುತ್ತೀಯ. ಎಲ್ಲರೂ ಅದನ್ನೇ ಹೇಳುತ್ತಾರೆ, ನಾನು ಹೇಳುವುದಿಲ್ಲ. ಇಲ್ಲಿನ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಜನಪದ ಕಥೆಗಳ ಪುಸ್ತಕ ರಾಶಿ ಇವೆ. ತೆರೆದರೆ 'ಹುಲಿ ಹೊಗೆಸೊಪ್ಪು ಸೇದುತ್ತಿದ್ದ ಕಾಲದಲ್ಲಿ' ಅಂತ ಶುರುವಾಗುತ್ತದೆ. ನಮ್ಮ 'ಒಂದಾನೊಂದು ಕಾಲದಲ್ಲಿ' ಇದ್ದ ಹಾಗೆ ಅದು. ಚೆಂದ ಇದೆ, ಆದರೆ ಕ್ರಿಯಾಪದದ ಕೊನೆ ಎಲ್ಲ ಅಜ್ಜಿ ಕಥೆ ಹೇಳುವ ಧಾಟಿಯಲ್ಲಿರುತ್ತದೆ. ಊರಿನ ಯಾವ ಅಂಗಡಿಯಲ್ಲೂ ಯಾರೂ ಹಾಗೆ ಮಾತಾಡುವುದಿಲ್ಲ. ಅನುಕರಣ ಪದಗಳೂ ತುಂಬಿರುತ್ತವೆ. ಅವು ನನಗೆ ಬಹಳ ಇಷ್ಟ. ಹಳ್ಳದ ನೀರು ಅವರಿಗೆ 'ಜೊಲ್‌ಜೊಲ್' ಅಂತ ಹರಿಯುತ್ತದೆ, ನಮಗೆ ಜುಳುಜುಳು. ಎದೆ ಅವರಿಗೆ 'ದುಗುನ್‌ದುಗುನ್', ನಮಗೆ ಢವಢವ. ಆದರೆ ಇದು ನಾಲ್ಕು ವರ್ಷದ ಕೊರಿಯನ್ ಮಗುವಿಗೆ ಗೊತ್ತಿರುವ ಭಾಷೆ, ನಿನಗೆ ಮೊದಲ ವರ್ಷಕ್ಕೆ ಬೇಕಾದದ್ದಲ್ಲ. ಆಮೇಲೆ ಓದು, ಖಂಡಿತ ಓದು.

ಈಗ ನಿನಗೆ ಬೇಕಾದದ್ದು ಓದಲೂ ಕೇಳಲೂ ಎರಡಕ್ಕೂ ಬರುವ ಒಂದೇ ಪಠ್ಯ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಕೊರಿಯನ್ ಬರೆದಂತೆ ಕೇಳಿಸುವುದಿಲ್ಲ. ಹಂಗುಲ್ ಲಿಪಿಯಲ್ಲಿ ಮೂಲ ಅಕ್ಷರ 24 ಮಾತ್ರ, ವಾರದಲ್ಲಿ ಬರುತ್ತದೆ, ಓದಲು ಬಂತು ಅಂತ ಖುಷಿಪಡುತ್ತೇವೆ. ಕಿವಿಗೆ ಬೀಳುವುದು ಮಾತ್ರ ಬೇರೆಯೇ. 'ಗುಕ್' ಅಂದರೆ ಸಾರು, 'ಮುಲ್' ಅಂದರೆ ನೀರು. ಸೇರಿದರೆ ಸಾರಿನ ತಿಳಿ. ಬರೆಯುವುದು 'ಗುಕ್‌ಮುಲ್', ಕೇಳಿಸುವುದು 'ಗುಙ್‌ಮುಲ್'. ಹೈಸ್ಕೂಲಿನಲ್ಲಿ ವಾಕ್ + ಮಯ = ವಾಙ್ಮಯ ಅಂತ ಅನುನಾಸಿಕ ಸಂಧಿ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಅದೇ ಇದು! 'ಹಪ್‌ನಿದಾ' ಅಂತ ಬರೆದದ್ದು 'ಹಮ್ನಿದಾ' ಆಗುವುದೂ ಇದರಿಂದಲೇ. ಇಂಗ್ಲಿಷ್ ಪುಸ್ತಕ ಇದಕ್ಕೆ ಪುಟಗಟ್ಟಲೆ ನಿಯಮ ಕೊಡುತ್ತದೆ. ನಿನಗೆ ವಾಙ್ಮಯ ಒಂದು ಸಾಕು. ಆದರೆ ಕಿವಿ ಇದಕ್ಕೆ ಪಳಗಬೇಕಾದರೆ ಕಣ್ಣಿಗೆ ಅಕ್ಷರ, ಕಿವಿಗೆ ದನಿ ಒಟ್ಟಿಗೇ ಬೀಳಬೇಕು.

ಇಂಥದ್ದು ಎಲ್ಲಿ ಸಿಗುತ್ತದೆ ಅಂದರೆ, ಮೊದಲು ನಿನ್ನ ಮುಗಿದ ಪುಸ್ತಕದಲ್ಲೇ. ಅದರ ಆಡಿಯೋ ಫೋನಿಗೆ ಹಾಕಿಕೊಂಡು ಬಸ್ಸಿನಲ್ಲಿ ಕೇಳು. ಗೊತ್ತಿರುವ ಪಾಠವನ್ನು ಇಪ್ಪತ್ತನೇ ಸಲ ಕೇಳಿದಾಗಲೇ ಆ ಸಂಧಿಗಳೆಲ್ಲ ಬಿಡಿಸಿಕೊಂಡು ಕೇಳಿಸಲು ಶುರುವಾಗುವುದು. ಕೊರಿಯಾ ಸರ್ಕಾರದ ಬೆಂಬಲದ ಸೆಜೊಂಗ್ ಹಕ್‌ದಂಗ್ ಸಂಸ್ಥೆಯ ಪಾಠಗಳು ಆಡಿಯೋ ಸಮೇತ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಆಮೇಲೆ ಟೋಪಿಕ್ ಅನ್ನುವ ಕೊರಿಯನ್ ಭಾಷಾ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು. ಪರೀಕ್ಷೆ ಬರೆಯದಿದ್ದರೂ ಪರವಾಗಿಲ್ಲ. ಮೊದಲ ಹಂತದ ಪತ್ರಿಕೆಯಲ್ಲಿ ಕೇಳುವುದಕ್ಕೆ 30 ಪ್ರಶ್ನೆ, ಓದುವುದಕ್ಕೆ 40. ಓದುವ ಭಾಗದಲ್ಲಿ ಅಂಗಡಿ ಬೋರ್ಡು, ಜಾಹೀರಾತು, ಗೆಳೆಯನಿಗೆ ಕಳಿಸಿದ ಮೆಸೇಜ್, ನಾಲ್ಕು ಸಾಲಿನ ಸಣ್ಣ ಬರಹ, ಹೀಗೆ ಇರುತ್ತದೆ. ಎಲ್ಲ ಅಳೆದು ತೂಗಿ ಬರೆದದ್ದು, ನಿನ್ನ ಹಂತ ಮೀರುವುದಿಲ್ಲ. ಪರೀಕ್ಷೆಯ ಅಧಿಕೃತ ಜಾಲತಾಣದಲ್ಲೇ ಆಡಿಯೋ, ಅದರ ಬರಹ, ಉತ್ತರ ಎಲ್ಲ ಇದೆ.

ಇನ್ನೊಂದು, ಟಾಕ್ ಟು ಮಿ ಇನ್ ಕೊರಿಯನ್ ಅನ್ನುವವರು 2009ರಿಂದ ಆನ್‌ಲೈನ್‌ನಲ್ಲಿ ಕೊರಿಯನ್ ಪಾಠ ಮಾಡುತ್ತಿದ್ದಾರೆ. ಅವರ 'ಇಯಾಗಿ' ಸರಣಿಯಲ್ಲಿ ಇಬ್ಬರು ಕೂತು ಒಂದು ವಿಷಯದ ಬಗ್ಗೆ ಮಾತಾಡುತ್ತಾರೆ, ಪೂರ್ತಿ ಕೊರಿಯನ್‌ನಲ್ಲಿ. ಸ್ಪಷ್ಟವಾಗಿ, ಆದರೆ ಪಾಠದ ಧಾಟಿಯಲ್ಲಿ ಅಲ್ಲ. ಬರಹ ರೂಪವೂ ಇದೆ. ಇದನ್ನು ಈಗಲೇ ಅಲ್ಲ, ಎರಡನೇ ಪುಸ್ತಕ ಅರ್ಧ ಆದ ಮೇಲೆ ಶುರು ಮಾಡು.

ಡ್ರಾಮಾ ಬಿಡು ಅನ್ನುವುದಿಲ್ಲ, ಖುಷಿಗೆ ನೋಡು. ರಾಜ ರಾಣಿಯರ ಕಾಲದ ಡ್ರಾಮಾ ಮಾತ್ರ ಕಲಿಕೆಗೆ ಇಟ್ಟುಕೊಳ್ಳಬೇಡ, ಅದು ನಮ್ಮ ಪೌರಾಣಿಕ ನಾಟಕದ ಮಾತಿನ ಹಾಗೆ. ಅದಕ್ಕಿಂತ ಅಡುಗೆ ವಿಡಿಯೋ ನೋಡು. ನಿಜವಾಗಿ ಹೇಳುತ್ತೇನೆ, ನನ್ನ ಕಿವಿ ತೆರೆದದ್ದು ಅಡುಗೆ ವಿಡಿಯೋಗಳಿಂದ. ಹೆಚ್ಚುವುದು, ಹುರಿಯುವುದು, ಕುದಿಸುವುದು, ಹಾಕುವುದು, ಇಷ್ಟೇ ಕ್ರಿಯಾಪದ ಮತ್ತೆ ಮತ್ತೆ ಬರುತ್ತವೆ. 'ಕುದಿ ಬಂದರೆ ಈರುಳ್ಳಿ ಹಾಕಿ' ಅಂತ ಅವರು ಹೇಳುವಾಗ ಈರುಳ್ಳಿ ಕಣ್ಣೆದುರೇ ಪಾತ್ರೆಗೆ ಬೀಳುತ್ತದೆ. ನಿಘಂಟು ಬೇಕಾಗುವುದಿಲ್ಲ. ಬಹಳಷ್ಟು ವಿಡಿಯೋಗಳಲ್ಲಿ ಹೇಳಿದ್ದೇ ಕೆಳಗೆ ಅಕ್ಷರದಲ್ಲಿ ಬರುತ್ತದೆ. ಮೆಟ್ರೋ ಪ್ರಕಟಣೆಗಳ ರೆಕಾರ್ಡಿಂಗೂ ಯೂಟ್ಯೂಬಿನಲ್ಲಿ ಇವೆ. 'ನೇರಿಶಿಲ್ ಮುನುನ್ ಒರುನ್‌ಚೊಗಿಮ್ನಿದಾ', ಇಳಿಯುವ ಬಾಗಿಲು ಬಲಕ್ಕೆ. ಪದದ ಸಾಲು ನೋಡು: ಇಳಿಯುವ, ಬಾಗಿಲು, ಬಲಕ್ಕೆ. ಕನ್ನಡದ ವಾಕ್ಯವೇ ಅಲ್ವಾ?

ಇದನ್ನೇ ನಿನಗೆ ಒತ್ತಿ ಹೇಳಬೇಕು ಅಂತಿದ್ದೆ. ನೀನು ಕಳಿಸಿದ ನೋಟ್ಸಿನಲ್ಲಿ ಎಲ್ಲ ವಾಕ್ಯಕ್ಕೂ ಇಂಗ್ಲಿಷ್ ಅರ್ಥ ಬರೆದುಕೊಂಡಿದ್ದೀಯ. ಬೇಡ, ಕನ್ನಡದಲ್ಲಿ ಬರೆದುಕೋ, ಇಲ್ಲ ತುಳುವಿನಲ್ಲಿ. 'ಬೊದಾ' ಅಂದರೆ ನೋಡು. 'ಮೊಗೊ ಬೊದಾ' ಅಂದರೆ ತಿಂದು ನೋಡು. 'ಜುದಾ' ಅಂದರೆ ಕೊಡು, 'ಮಂದುರೊ ಜುದಾ' ಅಂದರೆ ಮಾಡಿಕೊಡು. ಒಂದೊಂದು ತುಂಡೂ ಕನ್ನಡಕ್ಕೆ ತಾಳೆಯಾಗುತ್ತದೆ. ಇಂಗ್ಲಿಷ್ ದಾರಿಯಲ್ಲಿ ಹೋದರೆ ಪ್ರತಿ ವಾಕ್ಯವನ್ನೂ ತಲೆಕೆಳಗು ಮಾಡಬೇಕು, ಕೇಳುವಾಗ ಅಷ್ಟು ಹೊತ್ತು ಎಲ್ಲಿರುತ್ತದೆ? ಕನ್ನಡದ ಕಿವಿಯಲ್ಲಿ ಕೇಳಿದರೆ ಅವರು ಹೇಳುತ್ತಾ ಹೋದ ಹಾಗೆ ಅರ್ಥ ಕೂಡುತ್ತಾ ಹೋಗುತ್ತದೆ.

ವಾಕ್ಯದ ಕೊನೆಯ 'ಯೊ' ಬಗ್ಗೆ ನೀನು ಗೊಂದಲ ಮಾಡಿಕೊಂಡಿದ್ದೆ. ನಮ್ಮ ಧಾರವಾಡದ 'ರಿ' ನೆನಪಿಸಿಕೋ. 'ಹೋಗ್ತೇನಿ' ಅಂದರೆ ಗೆಳೆಯನಿಗೆ, 'ಹೋಗ್ತೇನ್ರಿ' ಅಂದರೆ ಹಿರಿಯರಿಗೆ. 'ಗಾ', 'ಗಾಯೊ' ಎರಡರ ನಡುವಿನ ವ್ಯತ್ಯಾಸವೂ ಅಷ್ಟೇ. ಕಾರ್ಟೂನು, ಡ್ರಾಮಾಗಳಲ್ಲಿ ಆಪ್ತರ ನಡುವಿನ ಮಾತು ಜಾಸ್ತಿ, ಅಲ್ಲಿ 'ಯೊ' ಬರುವುದು ಕಡಿಮೆ. ಅದನ್ನೇ ಕಲಿತು ಬಂದು ಪ್ರೊಫೆಸರ್ ಎದುರು ಆಡಿದರೆ, ಹಿರಿಯರಿಗೆ 'ಬಾರೋ' ಅಂದ ಹಾಗೆ ಆಗುತ್ತದೆ. ಕೇಳುವ ಸಾಮಗ್ರಿ ಆರಿಸುವಾಗ ಇದು ಮನಸ್ಸಿನಲ್ಲಿರಲಿ.

ಮತ್ತೆ ಆ ತುಟಿ ದುಂಡಗೆ ಮಾಡದೆ ಹೇಳುವ 'ಉ' ಬರುವುದೇ ಇಲ್ಲ ಅಂದೆಯಲ್ಲ, ನಿನಗೆ ಅದು ಹುಟ್ಟಿನಿಂದ ಬರುತ್ತದೆ ಮಾರಾಯ! ನಿಮ್ಮ ಮನೆಯ ತುಳುವಿನಲ್ಲಿ ಕಣ್ಣಿಗೆ 'ಕಣ್ಣ್' ಅನ್ನುವಾಗ ಕೊನೆಗೆ ಒಂದು ಅರ್ಧ ಉಕಾರ ಬರುತ್ತದೆ ನೋಡು, ಹೆಚ್ಚುಕಮ್ಮಿ ಅದೇ. ನಾನು ಸುರತ್ಕಲ್ ಹಾಸ್ಟೆಲಿನಲ್ಲಿ ನಿನ್ನಿಂದ ಕೇಳಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು.

ಬುಸಾನ್‌ಗೆ ಬರುವವನು ನೀನು, ಅಲ್ಲಿಯ ಮಾತಿನ ಧಾಟಿ ಸಿಯೋಲ್‌ನದ್ದಲ್ಲ. ಪುಸ್ತಕಗಳೆಲ್ಲ ಸಿಯೋಲ್ ಮಾತಿನವು. ಬುಸಾನ್‌ನಲ್ಲಿ ಹೌದು ಅಲ್ಲ ಅನ್ನುವ ಪ್ರಶ್ನೆಗೆ 'ನಾ' ಅಂತ, ಏನು ಎಲ್ಲಿ ಅನ್ನುವ ಪ್ರಶ್ನೆಗೆ 'ನೊ' ಅಂತ ಮುಗಿಸುತ್ತಾರೆ. ಈಗ ಅದರ ಹಿಂದೆ ಹೋಗಬೇಡ. ಮೊದಲು ಪುಸ್ತಕದ ಮಾತು ಗಟ್ಟಿಯಾಗಲಿ. ಟಿಕೆಟ್ ಆದ ಮೇಲೆ ಬುಸಾನ್‌ನವರ ಒಂದೆರಡು ವಿಡಿಯೋ ಕಳಿಸುತ್ತೇನೆ.

ನಿಘಂಟಿನ ಬಗ್ಗೆ ಒಂದು ಮಾತು. ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆ ಕಲಿಯುವವರಿಗಾಗಿಯೇ ಮಾಡಿದ ಆನ್‌ಲೈನ್ ನಿಘಂಟು ಇದೆ. ಪದ ಯಾವ ಹಂತದ್ದು ಅಂತ ನಕ್ಷತ್ರದ ಗುರುತು ಹಾಕಿರುತ್ತಾರೆ. ಮೊದಲ ಹಂತದ ಪದ ಆದರೆ ಬರೆದುಕೋ. ಗುರುತೇ ಇಲ್ಲದಿದ್ದರೆ ಸುಮ್ನೆ ಮುಂದೆ ಹೋಗು.

ಇಲ್ಲಿಯವರೂ ನಮ್ಮ ಹಾಗೇ, ಕಂಡ ಕೂಡಲೇ ಊಟ ಆಯ್ತಾ ಅಂತ ಕೇಳುತ್ತಾರೆ. ಬರೆಯುವುದು 'ಬಪ್ ಮೊಗೊಸ್ಸೊಯೊ', ಕೇಳಿಸುವುದು 'ಬಮ್ ಮೊಗೊಸ್ಸೊಯೊ'. ಮತ್ತೆ ಅದೇ ಸಂಧಿ. ಮುಂದಿನ ಭಾನುವಾರದೊಳಗೆ ಇದನ್ನು ನಿನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸು, ಜೊತೆಗೆ ಪುಸ್ತಕದ ಕೊನೆಯ ಪಾಠವನ್ನೂ ಓದಿ ಕಳಿಸು. ನಾನು ಕೇಳಿ ತಿದ್ದುತ್ತೇನೆ. ನನಗೆ ಹೇಳುವಾಗ ಮಾತ್ರ 'ಯೊ' ಹಚ್ಚಬೇಡ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಶ್ರೀಶೈಲ