ಅಕ್ಕನ ಕೂಸಿನ ಕಾಮಾಲೆ ಬಗ್ಗೆ

ಅಮ್ಮಾ,

ಎಲ್ಲರಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಮೆಸೇಜ್ ನೋಡಿದೆ. ಫೋನ್ ಮಾಡಿದರೆ ನೀನೂ ಅಳುತ್ತೀಯ, ನಾನೂ ಅಳುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕನಿಗೂ ಓದಿ ಹೇಳು.

ಕೂಸಿಗೆ ಏನೂ ಆಗುವುದಿಲ್ಲ. ಮೂರನೇ ದಿನ ಹಳದಿ ಕಂಡಿತು ಅಂದೆಯಲ್ಲ, ಅದೇ ಸಮಾಧಾನ. ಹುಟ್ಟಿದ 24 ಗಂಟೆಯೊಳಗೆ ಕಂಡಿದ್ದರೆ ಮಾತು ಬೇರೆ. 37 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿನ ಲಿವರ್ ಇನ್ನೂ ಪೂರ್ತಿ ಪಳಗಿರುವುದಿಲ್ಲ. ರಕ್ತದಲ್ಲಿ ಬಿಲಿರುಬಿನ್ ಅನ್ನುವ ಹಳದಿ ವಸ್ತು ಉಳಿದುಬಿಡುತ್ತದೆ, ಮೈ ಹಳದಿಯಾಗುತ್ತದೆ. ನಮ್ಮದು 35 ವಾರದ್ದು, ಅದಕ್ಕೇ ಡಾಕ್ಟರು ಬೇಗ ನೀಲಿ ದೀಪದ ಕೆಳಗೆ ಮಲಗಿಸಿದ್ದಾರೆ. ಆ ನೀಲಿ ಬೆಳಕು ಬಿಲಿರುಬಿನ್‌ನ ರೂಪ ಬದಲಿಸಿ ಮೈಯಿಂದ ಹೊರಹೋಗುವಂತೆ ಮಾಡುತ್ತದೆ. ಕಕ್ಕ ಹಸಿರಾಗಿ, ನೀರಾಗಿ ಹೋದರೆ ಗಾಬರಿ ಬೇಡ. ಪಟ್ಟಿ ಕಟ್ಟಿರುವುದು ಕಣ್ಣು ಕೆಟ್ಟಿದೆ ಅಂತಲ್ಲ, ಬೆಳಕು ಬೀಳದಿರಲಿ ಅಂತ. ಹಾಲು ಕುಡಿಸುವಾಗ ಬಿಚ್ಚುತ್ತಾರೆ.

ಸುಮ್ನೆ ಬಿಸಿಲಿಗೆ ಹಿಡಿದರೆ ಸಾಲದಾ ಅಂತ ಅಜ್ಜಿ ಕೇಳಿದರಲ್ಲ, ಪೂರ್ತಿ ತಪ್ಪಲ್ಲ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಅನ್ನುವ ಸಿಸ್ಟರ್ ಕೂಸುಗಳನ್ನು ಅಂಗಳದ ಬಿಸಿಲಿಗೆ ತರುತ್ತಿದ್ದರು. ಒಂದು ಕೂಸಿನ ಮೈಯೆಲ್ಲ ತಿಳಿಯಾಗಿತ್ತು, ಬಟ್ಟೆಯ ಮೂಲೆ ಮುಚ್ಚಿದ್ದ ತ್ರಿಕೋನದಷ್ಟು ಜಾಗ ಮಾತ್ರ ಹಳದಿ. ಅದನ್ನು ಡಾಕ್ಟರಿಗೆ ತೋರಿಸಿದರು. ದೀಪದ ಚಿಕಿತ್ಸೆ ಶುರುವಾದದ್ದು ಅಲ್ಲಿಂದ. ಮೊದಲು ಕಂಡದ್ದು ನರ್ಸ್! "ಅಷ್ಟು ದೂರ ಹೋಗಿ ನರ್ಸಿಂಗಾ?" ಅಂದ ಚಿಕ್ಕಪ್ಪನಿಗೆ ಈ ಸಾಲು ಜೋರಾಗಿ ಓದು. ಆದರೆ ಈಗ ಬಿಸಿಲು ಬೇಡ. ಎಳೆ ಚರ್ಮ ಸುಡುತ್ತದೆ, ಅಳತೆಯೂ ಸಿಗುವುದಿಲ್ಲ.

ಇಲ್ಲಿ ನಮಗೆ ಲ್ಯಾಬಿನಲ್ಲಿ ಗೊಂಬೆ ಕೂಸು ಕೊಡುತ್ತಾರೆ. ಅಳುತ್ತದೆ, ಉಸಿರು ತಪ್ಪಿದರೆ ತುಟಿ ನೀಲಿಯಾಗುತ್ತದೆ. ಮೊದಲ ದಿನ ನಾನು "ಅಯ್ಯೋ ಕಂದಾ" ಅಂದುಬಿಟ್ಟೆ, ಎಲ್ಲರೂ ತಿರುಗಿ ನೋಡಿದರು. ವಾರ್ಡಿನಲ್ಲಿ ಅಪ್ಪಂದಿರು ಅಂಗಿ ಬಿಚ್ಚಿ ಕೂಸನ್ನು ಎದೆಗೆ ಒತ್ತಿಕೊಂಡು ಗಂಟೆಗಟ್ಟಲೆ ಕೂತಿರುತ್ತಾರೆ! ಕಾಂಗರೂ ಕೇರ್ ಅಂತ, 1978ರ ಸುಮಾರಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ಡಾಕ್ಟರ್ ಒಪ್ಪಿದರೆ ಭಾವನೂ ಹಾಗೇ ಕೂರಲಿ. ನಾಚಿಕೆ ಬೇಡ ಅಂತ ಹೇಳು.

ಅಕ್ಕ ಎರಡು ಮೂರು ಗಂಟೆಗೊಮ್ಮೆ ಹಾಲು ಕೊಡಲಿ. ಮಲಗಿದ್ದರೆ ಪಾದ ತಟ್ಟಿ ಎಬ್ಬಿಸಲಿ. ಕೂಸು ಮಂಕಾಗಿ ಹಾಲು ಬಿಟ್ಟರೆ, ಕೀರಲು ದನಿಯಲ್ಲಿ ಅತ್ತರೆ, ಬೆನ್ನು ಹಿಂದಕ್ಕೆ ಬಾಗಿಸಿದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಹಾಗೇನೂ ಆಗುವುದಿಲ್ಲ. ಸುಮ್ನೆ ಹೇಳಿದೆ. ನಿಜಕ್ಕೂ ಏನೂ ಆಗುವುದಿಲ್ಲ, ದಿನಾ ಇಂಥ ಕೂಸುಗಳನ್ನೇ ನೋಡುತ್ತೇನಲ್ಲ ನಾನು. ಹೋದ ವಾರ ಇದರ ಮೇಲೇ ಪರೀಕ್ಷೆ ಇತ್ತು, ಒಂದೂ ತಪ್ಪಿಲ್ಲ. ನಿನ್ನ ಮೆಸೇಜ್ ನೋಡಿದ ಮೇಲೆ ಮತ್ತೆ ಅದೇ ಪಾಠ ತೆಗೆದು ಕೂತೆ.

ಡ್ಯೂಟಿಗೆ ಹೊತ್ತಾಯಿತು. ಅಪ್ಪನಿಗೆ ಬಿಪಿ ಮಾತ್ರೆ ಮರೆಯಬೇಡಿ ಅನ್ನು.

ನಿನ್ನ ಮಗಳು

ಇವತ್ತಿನ ರಕ್ತದ ರಿಪೋರ್ಟ್ ಫೋಟೊ ಹಾಕು. ಬಿಲಿರುಬಿನ್ ನಂಬರ್ ಕಾಣುವ ಹಾಗೆ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.